ಹಳದಿ ಪೆಟ್ಟಿಗೆ

(ಕಾಸರಗೋಡು ಜಿಲ್ಲೆಯ ಪೈವಳಿಕೆ ಹತ್ತಿರದ ಒಂದು ವಾಚನಾಲಯದಲ್ಲಿ ಭಾನುವಾರ ಮಧ್ಯಾಹ್ನ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ತುಳುವೂ ಮಲಯಾಳವೂ ಸಾಕಷ್ಟು ನುಸುಳಿದ್ದವು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಒಂದೆರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಉಂಟು. ಫ್ಯಾನ್ ಮಾತ್ರ ಒಂದೇ.

ನನಗೆ ಕೊಟ್ಟ ವಿಷಯ ಭಾರೀ ದೊಡ್ಡದು. ರಾಜರ ಆಳ್ವಿಕೆ, ಪರಕೀಯರ ಆಳ್ವಿಕೆ, ಮಿಲಿಟರಿ ಆಳ್ವಿಕೆ, ಇವುಗಳಿಂದ ಹೊರಬಂದು ಒಂದು ದೇಶ ಚುನಾವಣೆಗೆ ಹೋಗುವಾಗ ಅಲ್ಲಿನ ಮತದಾರ ಹೇಗೆ ನಡೆದುಕೊಳ್ಳುತ್ತಾನೆ ಅಂತ. ನಾನು ಇದನ್ನು ಕಾಲೇಜಿನಲ್ಲಿ ಓದಿದವನಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವ. ಆದರೆ ಸರಕಾರಿ ಮಾಷ್ಟ್ರಾದ ತಪ್ಪಿಗೆ ಸುಮಾರು ಚುನಾವಣೆಗಳಲ್ಲಿ ಪೋಲಿಂಗ್ ಡ್ಯೂಟಿ ಮಾಡಿದ್ದೇನೆ. ಬೂತಿನ ಮೇಜಿನ ಹಿಂದೆ ಬೆಳಗ್ಗಿನಿಂದ ಸಂಜೆವರೆಗೆ ಕೂತರೆ ಮನುಷ್ಯರ ಮುಖ ಓದಲು ಸ್ವಲ್ಪ ಬರುತ್ತದೆ. ಆ ಧೈರ್ಯದ ಮೇಲೆ ಮಾತಾಡುತ್ತೇನೆ.

ಒಂದು ಬಣ್ಣದಿಂದ ಶುರು ಮಾಡೋಣ. ಹಳದಿ.

1937ರಲ್ಲಿ ನಮ್ಮ ಈ ಊರು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ವರ್ಷ ಪ್ರಾಂತ್ಯದ ಶಾಸನಸಭೆಗೆ ಚುನಾವಣೆ ನಡೆಯಿತು. ಆಗ ಈಗಿನ ಹಾಗೆ ಚಿಹ್ನೆ ಇರಲಿಲ್ಲ. ಬಣ್ಣದ ಪೆಟ್ಟಿಗೆಗಳು ಇದ್ದವು. ಕಾಂಗ್ರೆಸ್ಸಿನ ಪೆಟ್ಟಿಗೆಗೆ ಹಳದಿ ಬಣ್ಣ. ಪ್ರಚಾರದವರು ಹಳ್ಳಿ ಹಳ್ಳಿಗೆ ಹೋಗಿ ಹೇಳಿದ್ದು ಇಷ್ಟೇ: ಗಾಂಧಿಗೆ ಓಟು ಹಾಕಿ, ಹಳದಿ ಪೆಟ್ಟಿಗೆಗೆ ಹಾಕಿ. ಗಾಂಧಿಯವರು ಯಾವ ಕ್ಷೇತ್ರದಲ್ಲೂ ನಿಂತಿರಲಿಲ್ಲ. ಆಗ ಅವರು ಕಾಂಗ್ರೆಸ್ಸಿನ ಸದಸ್ಯರೂ ಆಗಿರಲಿಲ್ಲ, 1934ರಲ್ಲೇ ಬಿಟ್ಟಿದ್ದರು. ಆದರೂ ಜನ ಗಾಂಧಿಗೇ ಓಟು ಹಾಕಿದರು. 215 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 159 ಬಂತು. ಅಷ್ಟು ವರ್ಷ ಆಳಿದ್ದ ಜಸ್ಟಿಸ್ ಪಾರ್ಟಿ ಮಕಾಡೆ ಬಿತ್ತು.

ಆದರೆ ಆಗ ಓಟು ಇದ್ದದ್ದು ಯಾರಿಗೆ? ಭೂಮಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ, ಸ್ವಲ್ಪ ಓದು ಬರಹ ಬಂದವರಿಗೆ. ನಮ್ಮ ಅಜ್ಜ ಗೇಣಿ ಒಕ್ಕಲು. ಅವರಿಗೆ ಹಳದಿ ಪೆಟ್ಟಿಗೆಯ ದರ್ಶನವೇ ಆಗಿರಲಿಲ್ಲ. ಧಣಿಗಳು ಎತ್ತಿನಗಾಡಿಯಲ್ಲಿ ಹೋಗಿ ಓಟು ಹಾಕಿ ಬಂದದ್ದನ್ನು ಗದ್ದೆಯಲ್ಲಿ ನಿಂತು ನೋಡಿದ್ದರಂತೆ.

ಅಜ್ಜ ಅಜ್ಜಿಗೆ ಓಟು ಸಿಕ್ಕಿದ್ದು 1952ರ ಜನವರಿಯಲ್ಲಿ. ದೇಶದ ಮೊದಲ ಮಹಾ ಚುನಾವಣೆ. ಅದು ಹಿಮಾಚಲದ ಚಿನಿ ಎಂಬ ಬೆಟ್ಟದ ಊರಲ್ಲಿ 1951ರ ಅಕ್ಟೋಬರ್ 25ಕ್ಕೆ ಶುರುವಾಗಿತ್ತು. ಹಿಮ ಬಿದ್ದರೆ ದಾರಿ ಮುಚ್ಚುತ್ತದೆ ಅಂತ ಅಲ್ಲಿ ಮೊದಲೇ ಮಾಡಿದ್ದು. ಪೂರ್ತಿ ಮುಗಿಯಲು ಫೆಬ್ರವರಿ ಬಂತು. ಮತದಾರರು 17 ಕೋಟಿಗೂ ಜಾಸ್ತಿ. 1951ರ ಜನಗಣತಿ ಪ್ರಕಾರ ಓದಲು ಬರೆಯಲು ಬರುವವರು ನೂರಕ್ಕೆ 18 ಜನ. ಈ ಎರಡು ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ಆಗ ಎಷ್ಟೋ ಜನ ಇದು ಹುಚ್ಚು ಅಂತಲೇ ಹೇಳಿದ್ದರು.

ಈ ಕೆಲಸದ ಹೊಣೆ ಹೊತ್ತವರು ಸುಕುಮಾರ್ ಸೇನ್. ಮೊದಲ ಮುಖ್ಯ ಚುನಾವಣಾ ಆಯುಕ್ತರು. ಅವರ ಬಗ್ಗೆ ನಮ್ಮ ಪಾಠಪುಸ್ತಕಗಳಲ್ಲಿ ಹೆಚ್ಚೇನೂ ಇರುವುದಿಲ್ಲ, ಅದು ನನಗೆ ಬೇಜಾರಿನ ವಿಷಯ. ಓದು ಬಾರದವನು ಹೆಸರು ಓದುವುದು ಹೇಗೆ? ಅದಕ್ಕೆ ಚಿಹ್ನೆ ತಂದರು. ಗುರುತು ಹಾಕುವುದು ಹೇಗೆ? ಹಾಕುವುದೇ ಬೇಡ ಅಂದರು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ನೊಗ ಕಟ್ಟಿದ ಜೋಡಿ ಎತ್ತು, ಗುಡಿಸಲು, ಮರ, ತೆನೆ ಕುಡುಗೋಲು, ದೀಪ. ಚೀಟಿ ತಗೊಂಡು ಪರದೆಯ ಒಳಗೆ ಹೋಗುವುದು, ಬೇಕಾದ ಪೆಟ್ಟಿಗೆಗೆ ಹಾಕುವುದು. ಅಷ್ಟೇ. ಲಕ್ಷಗಟ್ಟಲೆ ಉಕ್ಕಿನ ಪೆಟ್ಟಿಗೆ ಮಾಡಿಸಿದರು.

ಇನ್ನೊಂದು ತಲೆನೋವು ಬಂತು. ಪಟ್ಟಿ ಬರೆಯಲು ಮನೆಗೆ ಹೋದವರಿಗೆ ಉತ್ತರದ ಕಡೆ ಲಕ್ಷಾಂತರ ಹೆಂಗಸರು ತಮ್ಮ ಹೆಸರೇ ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ಮಗಳು ಅಂತ ಮಾತ್ರ ಹೇಳಿದರು. ಸ್ವಂತ ಹೆಸರು ಕೊಡದಿದ್ದರೆ ಪಟ್ಟಿಯಲ್ಲಿ ಜಾಗ ಇಲ್ಲ ಅಂತ ಸೇನ್ ಹಟ ಹಿಡಿದರು. ಸುಮಾರು 28 ಲಕ್ಷ ಹೆಸರು ಹೊರಗೆ ಹೋಯಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವೇ ಜಾಸ್ತಿ. ಕಠಿಣ ಅನ್ನಿಸಬಹುದು. ಆದರೆ ಮುಂದಿನ ಚುನಾವಣೆ ಹೊತ್ತಿಗೆ ಆ ಹೆಂಗಸರಿಗೆ ಸರಕಾರದ ಕಾಗದದಲ್ಲಿ ಮೊದಲ ಸಲ ಸ್ವಂತ ಹೆಸರು ಬಂತಲ್ವಾ? ಸೇನ್ ಮಾಡಿದ್ದು ಸರಿ ಅಂತಲೇ ನನ್ನ ಎಣಿಕೆ.

ನಮ್ಮ ಅಜ್ಜಿ ಹೆಸರು ಹೇಳಲು ಹೆದರಿದವರಲ್ಲ. ಆಕೆಯ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಬೆಳಗ್ಗೆ ಬೇಗ ಗಂಜಿ ಉಂಡು, ಮದುವೆಗೆ ಉಡುವ ಸೀರೆ ಉಟ್ಟು, ಮೂರು ಮೈಲಿ ನಡೆದು ಹೋಗಿದ್ದರಂತೆ. ಒಳಗೆ ಹೋದ ಕೂಡಲೆ ಪೆಟ್ಟಿಗೆಗಳಿಗೆ ಕೈ ಮುಗಿದರಂತೆ. "ಯಾವ ಪೆಟ್ಟಿಗೆಗೆ ಅಜ್ಜಿ?" ಅಂತ ನಾನು ಕೇಳುತ್ತಿದ್ದೆ. "ಎಲ್ಲದಕ್ಕೂ" ಅನ್ನುತ್ತಿದ್ದರು. "ಯಾವುದರಲ್ಲಿ ಎಂತ ಉಂಟೂಂತ ಯಾರಿಗೆ ಗೊತ್ತು, ಮಗಾ."

ಈ ಕೈ ಮುಗಿಯುವ ಕಥೆ ಕೇಳಿದರೆ ಪೇಟೆಯವರಿಗೆ ನಗು ಬರುತ್ತದೆ. ಪಾಪ, ಮುಗ್ಧ ಜನ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಭೂತದ ಗುಡಿಗೆ ಕೈ ಮುಗಿದವಳು ನ್ಯಾಯ ಕೇಳುವುದನ್ನು ಬಿಡುವುದಿಲ್ಲ. ಕೋಲದ ದಿನ ದೈವದ ಎದುರು ನಿಂತು, ನನ್ನ ದನ ಯಾಕೆ ಸತ್ತಿತು ಹೇಳು ಅಂತ ಕೇಳುವುದೂ ಅವಳೇ. ಕೈ ಮುಗಿದ ಮಾತ್ರಕ್ಕೆ ಲೆಕ್ಕ ತಪ್ಪುವುದಿಲ್ಲ.

ಲೆಕ್ಕ ತಪ್ಪಲಿಲ್ಲ ಅನ್ನುವುದಕ್ಕೆ ಆ ಚುನಾವಣೆಯೇ ಸಾಕ್ಷಿ. ದೆಹಲಿಯ ಲೋಕಸಭೆಯಲ್ಲಿ ಕಾಂಗ್ರೆಸ್ಸಿಗೆ 489ರಲ್ಲಿ 364 ಸ್ಥಾನ ಬಂತು, ನಿಜ. ಆದರೆ ಮದರಾಸು ರಾಜ್ಯದಲ್ಲಿ? ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 152 ಮಾತ್ರ. ಬಹುಮತ ಇಲ್ಲ. ಕಮ್ಯುನಿಸ್ಟರು 62 ಗೆದ್ದರು. ಹದಿನೈದು ವರ್ಷದ ಹಿಂದೆ ಹಳದಿ ಪೆಟ್ಟಿಗೆ ತುಂಬಿಸಿದ ಪ್ರಾಂತ್ಯ ಇದು. ಸ್ವಾತಂತ್ರ್ಯ ತಂದುಕೊಟ್ಟ ಪಕ್ಷ ಇದು. ಸ್ವಾತಂತ್ರ್ಯ ಬಂದು ಐದೇ ವರ್ಷ ಆಗಿತ್ತು. ಹೊಸತಾಗಿ ಓಟು ಸಿಕ್ಕಿದ ಬಡವರು, ಓದು ಬಾರದವರು, ಗೇಣಿಯವರು ಒಳಗೆ ಬಂದ ಮೊದಲ ಸಲವೇ ಲೆಕ್ಕ ಕೇಳಿದರು. ಮೊದಲಿನ ಓದು ಬಂದ ಮತದಾರರೇ ಕಣ್ಣು ಮುಚ್ಚಿ ಹಾಕಿದವರು ಅಂತ ಬೇಕಾದರೆ ಹೇಳಬಹುದು!

ಈಗ ಹಳದಿಗೆ ವಾಪಸು ಬರುತ್ತೇನೆ. ನೇಪಾಳ.

ನೇಪಾಳದಲ್ಲಿ 1959ರಲ್ಲಿ ಮೊದಲ ಚುನಾವಣೆ ಆಯಿತು. ಬಿ.ಪಿ. ಕೊಯಿರಾಲಾ ಅವರ ನೇಪಾಳಿ ಕಾಂಗ್ರೆಸ್ 109ರಲ್ಲಿ 74 ಗೆದ್ದಿತು. 1960ರ ಡಿಸೆಂಬರಿನಲ್ಲಿ ರಾಜ ಸರಕಾರವನ್ನೇ ಕಿತ್ತು ಹಾಕಿ ಕೊಯಿರಾಲಾರನ್ನು ಜೈಲಿಗೆ ಹಾಕಿದ. ಪಕ್ಷಗಳೇ ಬೇಡ, ಪಂಚಾಯತ್ ಸಾಕು ಅಂದ. ಇಪ್ಪತ್ತು ವರ್ಷ ಕಳೆದು 1980ರಲ್ಲಿ ಅವನ ಮಗ ಜನರನ್ನೇ ಕೇಳಿದ: ಪಂಚಾಯತ್ ಬೇಕಾ, ಪಕ್ಷಗಳು ಬೇಕಾ? ಪಕ್ಷಗಳಿಗೆ ನೀಲಿ ಬಣ್ಣ, ಪಂಚಾಯತಿಗೆ ಹಳದಿ. ಹಳದಿ ಗೆದ್ದಿತು. ಆದರೆ ಹೇಗೆ? ನೂರಕ್ಕೆ ಸುಮಾರು 55ಕ್ಕೆ 45. ಸರಕಾರಿ ಯಂತ್ರ ಪೂರ್ತಿ ಒಂದೇ ಕಡೆ ಇರುವಾಗ, ರಾಜನನ್ನು ವಿಷ್ಣುವಿನ ಅವತಾರ ಅನ್ನುವ ದೇಶದಲ್ಲಿ, ನೂರಕ್ಕೆ 45 ಜನ ನೀಲಿಗೆ ಹಾಕಿದರು. ಗೆದ್ದದ್ದು ರಾಜನ ಕಡೆ. ಆದರೆ ಪ್ರತಿಯೊಂದು ಹಳ್ಳಿಗೂ ಒಂದು ಗುಟ್ಟು ಗೊತ್ತಾಯಿತು, ನಾನೊಬ್ಬನೇ ಅಲ್ಲ ಅಂತ. ಹತ್ತು ವರ್ಷದಲ್ಲಿ, 1990ರಲ್ಲಿ, ಜನ ಬೀದಿಗೆ ಬಂದರು, ಪಕ್ಷಗಳು ವಾಪಸು ಬಂದವು. 2008ರಲ್ಲಿ ರಾಜನೇ ಹೋದ. ಸೋತ ಓಟು ದಂಡ ಅಂತ ಹೇಳುವವರು ಉಂಟಲ್ಲ, ಅವರಿಗೆ ನಾನು ಈ 45ನ್ನು ತೋರಿಸುತ್ತೇನೆ.

ಮೂರನೆಯ ಹಳದಿ ಭೂತಾನದ್ದು. ಇದು ನನಗೆ ಭಾರೀ ಇಷ್ಟ. ಅಲ್ಲಿ ಪ್ರಜಾಪ್ರಭುತ್ವ ಬೇಕು ಅಂತ ಜನ ಬೀದಿಗೆ ಇಳಿದು ತಂದದ್ದಲ್ಲ. ರಾಜನೇ ತಗೊಳ್ಳಿ ಅಂದ. ಜನ ಬೇಡ ಸ್ವಾಮಿ, ನೀವೇ ಇರಿ ಅಂದರು. ರಾಜ ಬಿಡಲಿಲ್ಲ. ಅಭ್ಯಾಸ ಆಗಲಿ ಅಂತ 2007ರಲ್ಲಿ ಒಂದು ಸುಳ್ಳು ಚುನಾವಣೆ ಮಾಡಿಸಿದರು. ನಾವು ಶಾಲೆಯಲ್ಲಿ ಲೀಡರ್ ಇಲೆಕ್ಷನ್ ಮಾಡಿಸುವ ಹಾಗೆ. ನಾಲ್ಕು ಕಾಲ್ಪನಿಕ ಪಕ್ಷಗಳು: ನೀಲಿ, ಹಸುರು, ಕೆಂಪು, ಹಳದಿ. ಒಂದಕ್ಕೆ ಪರಿಸರ, ಒಂದಕ್ಕೆ ಕೈಗಾರಿಕೆ, ಒಂದಕ್ಕೆ ಭ್ರಷ್ಟಾಚಾರ ವಿರೋಧ, ಹಳದಿಗೆ ಹಿರಿಯರ ಸಂಪ್ರದಾಯ. ಎರಡನೆಯ ಸುತ್ತಿನಲ್ಲಿ ಹೈಸ್ಕೂಲು ಮಕ್ಕಳನ್ನೇ ಅಭ್ಯರ್ಥಿಗಳಾಗಿ ನಿಲ್ಲಿಸಿದರು. 47 ಕ್ಷೇತ್ರಗಳಲ್ಲಿ 46 ಹಳದಿಗೆ ಹೋಯಿತು! ಯಾಕೆ ಅಂದರೆ ಹಳದಿ ಅಲ್ಲಿ ರಾಜನ ಬಣ್ಣ. ಜನ ಪ್ರಣಾಳಿಕೆ ಓದಲಿಲ್ಲ, ರಾಜನ ಶಾಲು ನೋಡಿದರು.

2008ರಲ್ಲಿ ನಿಜವಾದ ಚುನಾವಣೆ ಆಯಿತು. ಎರಡು ಪಕ್ಷ. ಒಂದಕ್ಕೆ 45, ಇನ್ನೊಂದಕ್ಕೆ ಎರಡೇ ಎರಡು ಸ್ಥಾನ. ವಿರೋಧ ಪಕ್ಷ ಅಂದರೆ ಒಂದು ಸ್ಕೂಟರಿನಲ್ಲಿ ಹೋಗುವಷ್ಟು ಜನ. ಹೊರಗಿನವರು ಏನು ಹೇಳಿದರೂ ಹೇಳಲಿ, ಅಲ್ಲಿಂದ ಮುಂದೆ ನೋಡಿ. 2013ರಲ್ಲಿ ಆ ಇಬ್ಬರ ಪಕ್ಷ 32 ಸ್ಥಾನ ಗೆದ್ದು ಅಧಿಕಾರಕ್ಕೆ ಬಂತು. 2018ರಲ್ಲಿ ಅದು ಮೊದಲ ಸುತ್ತಿನಲ್ಲೇ ಹೊರಗೆ ಬಿದ್ದು, ಮೂರನೆಯದೊಂದು ಹೊಸ ಪಕ್ಷ ಬಂತು. 2024ರ ಜನವರಿಯಲ್ಲಿ ಮತ್ತೆ ಆ ಇಬ್ಬರ ಪಕ್ಷವೇ ಬಂತು. ಆರೇ ವರ್ಷದಲ್ಲಿ ಹಳದಿ ಹಿಡಿದ ಕೈ ಸರಕಾರ ಮಗುಚಲು ಕಲಿಯಿತು. ಹಾಗಾಗಿ ಒಂದು ದೇಶದ ಮೊದಲ ಚುನಾವಣೆ ನೋಡಿ ಅಲ್ಲಿನ ಜನರನ್ನು ಅಳೆಯಲೇಬಾರದು ಅನ್ನುವವ ನಾನು. ಮೊದಲ ಸಲ ಜನ ತಮಗೆ ಗೊತ್ತಿರುವುದನ್ನು ಹಿಡಿಯುತ್ತಾರೆ. ಬಣ್ಣ, ಎತ್ತು, ಮುಖ, ಕುಲ. ಎರಡನೆಯದು ಮೂರನೆಯದರಲ್ಲಿ ಕೈ ಬಿಟ್ಟು ನೋಡುತ್ತಾರೆ. ಮಗು ಗೋಡೆ ಹಿಡಿದು ನಡೆಯುವುದನ್ನು ನೋಡಿ, ಇದಕ್ಕೆ ಗೋಡೆಯೇ ಇಷ್ಟ ಅಂತ ಯಾರಾದರೂ ಹೇಳುತ್ತಾರಾ?

ಆದರೆ ಎರಡನೆಯದು ಮೂರನೆಯದು ಸಿಗಬೇಕಲ್ಲ. ಸುಕುಮಾರ್ ಸೇನ್ ಹೆಸರು ಹೇಳಿದೆ. ಇಲ್ಲಿ ಅವರು ಮಾಡಿದ ಕೆಲಸ ನೋಡಿ ಸುಡಾನಿನವರು ಅವರನ್ನು ಕರೆಸಿಕೊಂಡರು. 1953ರಲ್ಲಿ ಅಲ್ಲಿಯ ಮೊದಲ ಚುನಾವಣೆ ನಡೆಸಿಕೊಟ್ಟವರು ಅವರೇ. ಚುನಾವಣೆ ಚೆನ್ನಾಗಿಯೇ ಆಯಿತು. 1956ರಲ್ಲಿ ಸ್ವಾತಂತ್ರ್ಯ ಬಂತು. 1958ರ ನವೆಂಬರಿನಲ್ಲಿ ಮಿಲಿಟರಿ ಬಂತು. ಅದೇ ಮನುಷ್ಯ, ಅದೇ ಶಿಸ್ತು. ಮತದಾರರದ್ದು ಏನು ತಪ್ಪು?

ಈಗ ನನ್ನ ಬೂತಿನ ಒಂದು ಕಥೆ.

ಎಂಬತ್ತರ ದಶಕ. ಕಾಗದದ ಬ್ಯಾಲೆಟ್, ಮರದ ಹಿಡಿಯ ಸೀಲು. ಬೂತು ಒಂದು ಗುಡ್ಡದ ಮೇಲಿನ ಶಾಲೆ. ಮಧ್ಯಾಹ್ನ ಹೊತ್ತಿಗೆ ಒಬ್ಬರು ಮುದುಕರು ಬಂದರು. ಬೆರಳಿಗೆ ಶಾಯಿ ಹಾಕಿಸಿಕೊಂಡರು. ಅಂದ ಹಾಗೆ, 1962ರಿಂದ ಆ ಶಾಯಿ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ಶುರು ಮಾಡಿದ್ದು, 1937ರಲ್ಲಿ. ಹಳದಿ ಪೆಟ್ಟಿಗೆಯ ವರ್ಷವೇ! ಇರಲಿ. ಚೀಟಿ ಕೈಯಲ್ಲಿ ಹಿಡಿದು ಮುದುಕರು ಪರದೆಯ ಕಡೆ ಹೋಗಲೇ ಇಲ್ಲ. ನನ್ನ ಹತ್ತಿರ ಬಗ್ಗಿ ಮೆಲ್ಲನೆ ತುಳುವಿನಲ್ಲಿ ಕೇಳಿದರು, "ಮಾಷ್ಟ್ರೇ, ನಾನು ಯಾರಿಗೆ ಹಾಕಿದ್ದೂಂತ ಧಣಿಗಳಿಗೆ ಗೊತ್ತಾಗ್ತದಾ?"

ನಾನು ಇಲ್ಲ ಅಂದೆ. ಅವರು ನಂಬಲಿಲ್ಲ. ಬಾಗಿಲ ಹತ್ತಿರ ಏಜೆಂಟರ ಬೆಂಚು. ಅಲ್ಲಿ ಧಣಿಗಳ ಅಳಿಯ ಕೂತಿದ್ದ. ಚೀಟಿಯ ಹಿಂದೆ ನಂಬರು ಇತ್ತು. ಆ ನಂಬರು ಯಾಕೆ ಅಂತ ಅವರ ಪ್ರಶ್ನೆ. ನನಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟ ಉತ್ತರ ಇತ್ತು. ಹೇಳಿದೆ. ಅವರ ಮುಖ ಬದಲಾಗಲಿಲ್ಲ.

ಓಟು ಗುಟ್ಟು ಅನ್ನುವುದು ಕಾನೂನಿನಲ್ಲಿ ಇದ್ದರೆ ಸಾಲದು. ಮತದಾರನ ಹೊಟ್ಟೆಯೊಳಗೆ ಅದು ಇರಬೇಕು. ಪ್ರಜಾಪ್ರಭುತ್ವಕ್ಕೆ ಬದಲಾಗುವ ದೇಶಗಳ ಚರಿತ್ರೆಯೆಲ್ಲ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತದೆ ಅಂತ ನನಗೆ ಕಾಣುತ್ತದೆ.

ಚಿಲಿ ದೇಶದಲ್ಲಿ 1973ರಿಂದ ಪಿನೋಚೆ ಎಂಬ ಸೇನಾಧಿಕಾರಿ ಆಳುತ್ತಿದ್ದ. 1988ರ ಅಕ್ಟೋಬರ್ 5ಕ್ಕೆ ಜನರ ಮುಂದೆ ಒಂದೇ ಪ್ರಶ್ನೆ: ಇವನು ಇನ್ನೂ ಎಂಟು ವರ್ಷ ಮುಂದುವರಿಯಬೇಕಾ, ಬೇಡವಾ? ವಿರೋಧಿಗಳಿಗೆ ಅವನು ಕೆಟ್ಟವ ಅಂತ ಜನರಿಗೆ ಹೇಳುವ ಅಗತ್ಯ ಇರಲಿಲ್ಲ, ಅದು ಗೊತ್ತಿದ್ದದ್ದೇ. ಅವರ ದೊಡ್ಡ ಕೆಲಸ, ನೀನು ಹಾಕುವುದು ಯಾರಿಗೂ ಕಾಣುವುದಿಲ್ಲ ಅಂತ ನಂಬಿಸುವುದು. ಎಣಿಕೆಯಲ್ಲಿ ಮೋಸ ಆಗದ ಹಾಗೆ ಬೂತು ಬೂತಿನಲ್ಲಿ ತಮ್ಮದೇ ಸಮಾನಾಂತರ ಲೆಕ್ಕ ಇಟ್ಟರು. ಬೇಡ ಅಂದವರು ನೂರಕ್ಕೆ 56. ಹದಿನೈದು ವರ್ಷ ಬಾಯಿ ಬಿಡದವರು ಒಂದು ಪೆನ್ಸಿಲ್ ಗೀಟಿನಲ್ಲಿ ಹೇಳಿದರು.

ಪೋಲೆಂಡಿನ ಕಥೆಯಲ್ಲಿ ಸ್ವಲ್ಪ ತಮಾಷೆಯೂ ಉಂಟು. 1989ರ ಜೂನ್ 4. ಕಮ್ಯುನಿಸ್ಟ್ ಸರಕಾರ ಒಪ್ಪಂದ ಮಾಡಿಕೊಂಡು, ಕೆಳಮನೆಯಲ್ಲಿ ನೂರಕ್ಕೆ 65 ಸ್ಥಾನ ತಮ್ಮ ಕಡೆಗೆ ಮೊದಲೇ ಕಾದಿರಿಸಿತ್ತು. ಸೋಲುವ ಹಾಗೇ ಇಲ್ಲ ಅಂತ ಅಂದುಕೊಂಡರು. ಆದರೆ ಅಲ್ಲಿಯ ಓಟಿನ ಪದ್ಧತಿ ನಮ್ಮದಕ್ಕೆ ಉಲ್ಟಾ. ಬೇಕಾದವನಿಗೆ ಗುರುತು ಹಾಕುವುದಲ್ಲ, ಬೇಡದವನ ಹೆಸರು ಹೊಡೆದು ಹಾಕುವುದು. ನಲವತ್ತು ವರ್ಷ ಸಹಿಸಿದವರ ಕೈಗೆ ಪೆನ್ನು ಕೊಟ್ಟು, ಬೇಡದ ಹೆಸರು ಹೊಡಿ ಅಂದರೆ ಏನಾಗುತ್ತದೆ? ದೊಡ್ಡ ದೊಡ್ಡ ನಾಯಕರ 35 ಹೆಸರಿನ ಒಂದು ಪಟ್ಟಿ ಇತ್ತು. ಎದುರಾಳಿಗಳೇ ಇಲ್ಲ. ಅರ್ಧದಷ್ಟು ಜನ ಹೊಡೆಯದೆ ಬಿಟ್ಟರೆ ಸಾಕು. ಪ್ರಧಾನಿಯೂ ಸೇರಿ 33 ಜನ ಬಿದ್ದರು. ಮೇಲ್ಮನೆಯ 100 ಸ್ಥಾನಗಳಲ್ಲಿ 99 ವಿರೋಧಿಗಳಾದ ಸಾಲಿಡಾರಿಟಿಯವರಿಗೆ ಹೋಯಿತು. ಪೋಲೆಂಡಿನಲ್ಲಿ ಆ ದಿನ ಪೆನ್ನಿನ ಶಾಯಿ ಎಷ್ಟು ಖರ್ಚಾಯಿತೋ!

ನಮ್ಮಲ್ಲಿ ಪೆಟ್ಟಿಗೆ ಹೋಗಿ ಸೀಲು ಬಂದದ್ದರ ಹಿಂದೆಯೂ ಇದೇ ಗುಟ್ಟಿನ ಸಮಸ್ಯೆ. ಬೇರೆ ಬೇರೆ ಪೆಟ್ಟಿಗೆ ಇದ್ದಾಗ ಚೀಟಿಯಲ್ಲಿ ಯಾವ ಗುರುತೂ ಇರುವುದಿಲ್ಲ. ಒಳಗೆ ಹೋದವ ಹಾಕಿದ ಹಾಗೆ ಮಾಡಿ ಚೀಟಿಯನ್ನು ಮುಂಡಿನಲ್ಲಿ ಸಿಕ್ಕಿಸಿ ಹೊರಗೆ ತರಬಹುದು. ಹೊರಗೆ ಅದನ್ನು ಕೊಳ್ಳುವವ ಇರುತ್ತಾನೆ. ಆಮೇಲೆ ಒಬ್ಬನೇ ಹತ್ತು ಚೀಟಿ ಒಟ್ಟಿಗೆ ಹಾಕುತ್ತಾನೆ. ಇದನ್ನು ತಪ್ಪಿಸಲು ಎಲ್ಲ ಹೆಸರು, ಚಿಹ್ನೆ ಒಂದೇ ಕಾಗದದಲ್ಲಿ ಅಚ್ಚು ಹಾಕಿ, ಮತದಾರನೇ ಸೀಲು ಒತ್ತುವ ಪದ್ಧತಿ ತಂದರು. ಅದನ್ನು ರಾಜ್ಯ ಮಟ್ಟದಲ್ಲಿ ಮೊದಲು ಮಾಡಿ ನೋಡಿದ್ದು ನಮ್ಮ ಕೇರಳದಲ್ಲಿ, 1960ರ ಮಧ್ಯಂತರ ಚುನಾವಣೆಯಲ್ಲಿ. ಮುಂದೆ ಮತಯಂತ್ರವನ್ನು ಮೊದಲು ಇಟ್ಟದ್ದೂ ಕೇರಳದಲ್ಲೇ, 1982ರಲ್ಲಿ ಪರವೂರಿನ 50 ಬೂತುಗಳಲ್ಲಿ. ಹೊಸ ಮದ್ದು ಬಂದರೆ ಮೊದಲು ನಮಗೇ ಕುಡಿಸುತ್ತಾರೆ.

ಆ ಸೀಲಿನ ಗುರುತು ನೋಡಿದ್ದೀರಲ್ಲ, ಬಾಣದ ತುದಿ ಇರುವ ಅಡ್ಡಗೀಟು. ಅದು ಚಂದಕ್ಕೆ ಅಲ್ಲ. ಕಾಗದ ಮಡಚಿದಾಗ ಹಸಿ ಶಾಯಿ ಇನ್ನೊಂದು ಚಿಹ್ನೆಯ ಮೇಲೂ ಅಂಟುತ್ತದೆ. ಆಗ ಯಾವುದು ಒತ್ತಿದ್ದು, ಯಾವುದು ಅಂಟಿದ್ದು? ಬಾಣ ತಿರುಗಿದ ದಿಕ್ಕು ನೋಡಿದರೆ ಗೊತ್ತಾಗುತ್ತದೆ. ಅಂಟಿದ್ದು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತದೆ. ಎಣಿಕೆ ಮೇಜಿನಲ್ಲಿ ನಾನು ಇದಕ್ಕಾಗಿ ಎಷ್ಟು ಜಗಳ ಬಿಡಿಸಿದ್ದೇನೆ, ದೇವರೇ ಬಲ್ಲ.

ಇನ್ನು ನಮ್ಮ ಮಂಜೇಶ್ವರ. ಇದು ಸ್ವಲ್ಪ ನಿಧಾನ ಹೇಳಬೇಕು.

1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಮಲಗುವಾಗ ಮದರಾಸು ರಾಜ್ಯ, ಏಳುವಾಗ ಕೇರಳ. ಆರೇ ತಿಂಗಳೊಳಗೆ ಕೇರಳದ ಮೊದಲ ಚುನಾವಣೆ ಬಂತು. ಆ ಚುನಾವಣೆ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಸುದ್ದಿ. ಓಟಿನಿಂದ ಕಮ್ಯುನಿಸ್ಟ್ ಸರಕಾರ ಬಂತು, 126ರಲ್ಲಿ 60 ಸ್ಥಾನ, ಜೊತೆಗೆ ಐವರು ಪಕ್ಷೇತರರು. ಮುಖ್ಯಮಂತ್ರಿಯಾದ ಇಎಂಎಸ್ ನಿಂತು ಗೆದ್ದದ್ದು ಎಲ್ಲಿ? ನಮ್ಮ ನೀಲೇಶ್ವರದಲ್ಲಿ. ಈಗಿನ ಕಾಸರಗೋಡು ಜಿಲ್ಲೆಯೇ. ಕಾಸರಗೋಡು ಲೋಕಸಭೆಗೆ ಎ.ಕೆ. ಗೋಪಾಲನ್ ಗೆದ್ದರು.

ಅದೇ ಚುನಾವಣೆಯಲ್ಲಿ, ಚಂದ್ರಗಿರಿ ಹೊಳೆ ದಾಟಿ ಈಚೆ ಬಂದರೆ, ಮಂಜೇಶ್ವರ ಕ್ಷೇತ್ರದಲ್ಲಿ ಎಂತ ಆಯಿತು? ವಿಧಾನಸಭೆಗೆ ಓಟೇ ನಡೆಯಲಿಲ್ಲ. ಕರ್ನಾಟಕಕ್ಕೆ ಸೇರಬೇಕು ಅನ್ನುವವರ ಕಡೆಯಿಂದ ಉಮೇಶ ರಾವ್ ಪಕ್ಷೇತರರಾಗಿ ನಿಂತರು. ಎದುರಿಗೆ ಯಾರೂ ಉಳಿಯಲಿಲ್ಲ. ಅವಿರೋಧ ಆಯ್ಕೆ. ಕೇರಳ ವಿಧಾನಸಭೆಯ ಚರಿತ್ರೆಯಲ್ಲಿ ಹಾಗೆ ಬೇರೆ ಯಾರೂ ಗೆದ್ದಿಲ್ಲ. ನಮ್ಮ ಅಜ್ಜಿ ಆ ಸಲವೂ ಒಳ್ಳೆ ಸೀರೆ ಉಟ್ಟು ಹೋಗಿದ್ದರು. ಕಳೆದ ಸಲ ಎರಡು ಚೀಟಿ ಕೊಟ್ಟಿದ್ದರಲ್ಲ, ಈ ಸಲ ಒಂದೇ ಕೊಟ್ಟರು, ಲೋಕಸಭೆಯದ್ದು. ಬರುವಾಗ ದಾರಿಯುದ್ದಕ್ಕೂ ಬೈದುಕೊಂಡು ಬಂದರಂತೆ, "ನನ್ನ ಇನ್ನೊಂದು ಚೀಟಿ ಯಾರೋ ನುಂಗಿದ್ದಾರೆ" ಅಂತ. ನೋಡಿ, ಐದು ವರ್ಷದ ಹಿಂದೆ ಪೆಟ್ಟಿಗೆಗೆ ಕೈ ಮುಗಿದ ಹೆಂಗಸು.

ಇದನ್ನು ನಾನು ಯಾಕೆ ಹೇಳುತ್ತೇನೆಂದರೆ, ಇಲ್ಲಿಯ ಮತದಾರರಿಗೆ ಆ ಕಾಲದಲ್ಲಿ ಚುನಾವಣೆ ಸರಕಾರ ಆರಿಸುವ ಕೆಲಸವೇ ಆಗಿರಲಿಲ್ಲ. ಅದೊಂದು ಅರ್ಜಿ. ನಮ್ಮನ್ನು ಕೇಳದೆ ಇಲ್ಲಿ ಸೇರಿಸಿದ್ದೀರಿ, ನಮಗೆ ಒಪ್ಪಿಗೆ ಇಲ್ಲ ಅನ್ನುವ ಅರ್ಜಿ. 1960ರಲ್ಲಿ ಕೇರಳ ಇಡೀ ಕಮ್ಯುನಿಸ್ಟ್, ಕಮ್ಯುನಿಸ್ಟ್ ವಿರೋಧಿ ಅಂತ ಎರಡು ಹೋಳಾಗಿ ನೂರಕ್ಕೆ 85ಕ್ಕೂ ಜಾಸ್ತಿ ಜನ ಬೂತಿಗೆ ಹೋದರು. ಮಂಜೇಶ್ವರದವರು ಆ ಗಲಾಟೆಯ ಮಧ್ಯೆ, ಕರ್ನಾಟಕಕ್ಕೆ ಸೇರಬೇಕು ಅನ್ನುವವರ ಕಡೆಯ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಗೆಲ್ಲಿಸಿದರು. 1965, 1967ರಲ್ಲೂ ಅವರೇ. 1967ರಲ್ಲಿ ಮಹಾಜನ ಆಯೋಗದ ವರದಿ ಬಂತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಬರೆದಿತ್ತು. ಅರ್ಜಿ ಪಾಸಾಯಿತು ಅಂದುಕೊಂಡೆವು. ವರದಿ ಕಪಾಟಿಗೆ ಹೋಯಿತು.

1970ರ ಚುನಾವಣೆಯಲ್ಲಿ ಮಂಜೇಶ್ವರದಿಂದ ಗೆದ್ದವರು ಎಂ. ರಾಮಪ್ಪ. ಸಿಪಿಐ.

ಭಾಷೆ ಮರೆತುಹೋಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ವರ್ಷದ ಜನವರಿ 1ಕ್ಕೆ ಏನಾಯಿತು? ಕೇರಳದ ಭೂಸುಧಾರಣೆ ಕಾನೂನಿನ ತಿದ್ದುಪಡಿ ಜಾರಿಗೆ ಬಂತು. ಗೇಣಿ ಪದ್ಧತಿ ರದ್ದು. ಜನ್ಮಿಯ, ಅಂದರೆ ಭೂಮಾಲಿಕನ, ಹಕ್ಕು ಸರಕಾರಕ್ಕೆ ಹೋಯಿತು, ಒಕ್ಕಲು ಅರ್ಜಿ ಹಾಕಿ ಪಟ್ಟೆ, ಅಂದರೆ ಭೂಮಿಯ ಹಕ್ಕುಪತ್ರ, ಮಾಡಿಸಿಕೊಳ್ಳಬಹುದಿತ್ತು. ನಮ್ಮ ಮನೆಗೂ ಕೆಲವು ವರ್ಷ ಕಳೆದು ಪಟ್ಟೆ ಬಂತು. ಅಜ್ಜ ಅದನ್ನು ಅಡಕೆ ಹಾಳೆಯಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದರು. ಎರಡು ಘಟನೆಗೂ ನೇರ ಸಂಬಂಧ ಉಂಟು ಅಂತ ನಾನು ಕೋರ್ಟಿನಲ್ಲಿ ಸಾಧಿಸಿ ತೋರಿಸಲಾರೆ. ಆದರೆ ಗೇಣಿ ಅಕ್ಕಿ ಅಳೆದು ಕೊಡುವವನ ಓಟೂ, ಸ್ವಂತ ಗದ್ದೆಯ ಬದುವಿನಲ್ಲಿ ನಿಂತವನ ಓಟೂ ಒಂದೇ ಅಲ್ಲ. ಮೊದಲನೆಯವನಿಗೆ ಪರದೆ ಎಷ್ಟು ದಪ್ಪ ಇದ್ದರೂ ಸಾಲದು. ಗುಡ್ಡದ ಶಾಲೆಯ ಆ ಮುದುಕರಿಗೆ ಪಟ್ಟೆ ಸಿಕ್ಕಿ ಹತ್ತು ವರ್ಷ ಆಗಿತ್ತು, ಆಮೇಲೆ ವಿಚಾರಿಸಿದೆ. ಭಯ ಮಾತ್ರ ಇನ್ನೂ ಅದೇ ಹಳೆ ಜಾಗದಲ್ಲಿ ಕೂತಿತ್ತು.

ಅಲ್ಲಿಂದ ಈಚೆಗೆ ನಿಮಗೆ ಗೊತ್ತೇ ಉಂಟು. ಮಂಜೇಶ್ವರದವರ ಲೆಕ್ಕಾಚಾರ ಈಗ ದೇಶದ ಟಿವಿಯವರಿಗೂ ಅರ್ಥ ಆಗುವುದಿಲ್ಲ. 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಗೆದ್ದದ್ದು 89 ಓಟಿನಲ್ಲಿ. 2021ರಲ್ಲಿ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745ರಲ್ಲಿ, ಆಮೇಲೆ ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣ ವಚನ ತಗೊಂಡರು. 89 ಅಂದರೆ ಎರಡು ಬಸ್ಸಿನಷ್ಟು ಜನ. ಕಂಬಳ ನೋಡಲು ಹೋದವರು ತಡವಾಗಿ ಬಂದಿದ್ದರೆ ಮುಗಿಯಿತು. ಗಲ್ಫಿನಿಂದ ವಿಮಾನ ಹತ್ತಿ ಓಟು ಹಾಕಲು ಬರುವವರನ್ನು ನಾವು ತಮಾಷೆ ಮಾಡುತ್ತೇವಲ್ಲ, ಅವರಿಗೆ ಗೊತ್ತುಂಟು ಆ 89ರ ಬೆಲೆ. ಊರಿಗೆ ಬಂದೇ ಹಾಕಬೇಕು, ಅಲ್ಲಿ ಕೂತು ಹಾಕಲು ಕಾನೂನಿಲ್ಲ. ತನಗೆ ಓಟಿನ ಮಾತೇ ಇಲ್ಲದ ಕಡೆ ವರ್ಷಗಟ್ಟಲೆ ದುಡಿದವನಿಗೆ ಈ ಚೀಟಿಯ ರುಚಿ ನಮಗಿಂತ ಸ್ವಲ್ಪ ಜಾಸ್ತಿ ಗೊತ್ತಿರಬಹುದು.

ನನ್ನ ಮಾತು ಇಷ್ಟೇ. ಚಾ ಬಂದಿದೆ. ಪ್ರಶ್ನೆ ಇದ್ದರೆ ಕೇಳಿ.

ಒಬ್ಬ ಕಾಲೇಜು ಹುಡುಗ ಎದ್ದ. "ಸರ್, ಹಾಗಾದರೆ ಮುಖ ನೋಡಿ ಓಟು ಹಾಕುವುದು ತಪ್ಪಲ್ವಾ?"

ತಪ್ಪು ಸರಿ ಅನ್ನುವುದಕ್ಕಿಂತ ಒಂದು ವಿಷಯ ಹೇಳುತ್ತೇನೆ ಅಂದೆ. ದಕ್ಷಿಣ ಆಫ್ರಿಕದಲ್ಲಿ 1994ರ ಏಪ್ರಿಲಿನಲ್ಲಿ ಕರಿಯರಿಗೆ ಮೊದಲ ಸಲ ಓಟು ಬಂತು. ಮೈಲುಗಟ್ಟಲೆ ಕ್ಯೂ. ಬ್ಯಾಲೆಟ್ ಕಾಗದದಲ್ಲಿ ಪಕ್ಷದ ಹೆಸರು, ಚಿಹ್ನೆಯ ಜೊತೆಗೆ ನಾಯಕರ ಫೋಟೋವನ್ನೇ ಅಚ್ಚು ಹಾಕಿದ್ದರು. ಒಂದು ಪಕ್ಷ ಕೊನೆಯ ವಾರದಲ್ಲಿ ಒಪ್ಪಿಕೊಂಡು ಬಂತು, ಅಷ್ಟರಲ್ಲಿ ಕಾಗದ ಅಚ್ಚಾಗಿ ಹೋಗಿತ್ತು. ಕೆಳಗೆ ಸ್ಟಿಕ್ಕರ್ ಅಂಟಿಸಿದರು! ಮಂಡೇಲಾ ಮುಖ ನೋಡಿಯೇ ಎಷ್ಟೋ ಜನ ಹಾಕಿರಬಹುದು. ಅವರ ಪಕ್ಷಕ್ಕೆ ನೂರಕ್ಕೆ 62 ಚಿಲ್ಲರೆ ಬಂತು. ಅದೇ ಪಕ್ಷಕ್ಕೆ 2024ರಲ್ಲಿ ಬಂದದ್ದು ನೂರಕ್ಕೆ 40. ಮೂವತ್ತು ವರ್ಷ ಬೇಕಾಯಿತು, ಮುಖದಿಂದ ಕಣ್ಣು ತೆಗೆಯಲು. ನಿನಗೆ ಈಗ ಎಷ್ಟು ವಯಸ್ಸು ಅಂತ ಕೇಳಿದೆ. ಹತ್ತೊಂಬತ್ತು ಅಂದ. ಎಲ್ಲರೂ ನಕ್ಕರು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಎದ್ದರು. ಬೀಡಿ ಕಟ್ಟುವವರು, ಎಪ್ಪತ್ತು ದಾಟಿರಬೇಕು. ಪ್ರಶ್ನೆ ಅಲ್ಲ ಮಾಷ್ಟ್ರೇ, ಸುಮ್ನೆ ಹೇಳುವುದು ಅಂದರು. ಮದುವೆಯಾಗಿ ಬಂದ ಮೇಲೆ ಅವರ ಮೊದಲ ಓಟು. ಅತ್ತೆಯ ಜೊತೆ ಗುಡ್ಡ ಇಳಿದು ಹೋಗುವಾಗ ದಾರಿಯುದ್ದಕ್ಕೂ ಅತ್ತೆ ಹೇಳಿಕೊಟ್ಟರಂತೆ, ಯಾವ ಚಿಹ್ನೆ, ಎಷ್ಟನೆಯ ಸಾಲು, ಸೀಲು ಹೇಗೆ ಹಿಡಿಯಬೇಕು, ಎಲ್ಲ. ಗಂಡನೂ ಹಿಂದಿನ ರಾತ್ರಿ ಅದನ್ನೇ ಹೇಳಿದ್ದ.

"ನೀವು ಏನು ಮಾಡಿದಿರಿ ಅಕ್ಕಾ?" ಅಂತ ಕೇಳಿದೆ.

"ತಲೆ ಆಡಿಸಿದೆ," ಅಂದರು. "ಒಳಗೆ ಹೋದೆ."

ಮುಂದೆ ಹೇಳುತ್ತಾರೆ ಅಂತ ಸಭೆ ಕಾದಿತು. ಅವರು ಸೆರಗು ಸರಿ ಮಾಡಿಕೊಂಡು ಕೂತುಬಿಟ್ಟರು.